ಮದುವೆಯಾದರೆ ಕೆಲಸ ಹೋಗುತ್ತಿತ್ತು: ಸೇನೆಯ ನರ್ಸ್‌ಗಳ ಕಥೆ

ಆಸ್ಪತ್ರೆಗೆ ಹೋದರೆ ನಾವೆಲ್ಲ ನರ್ಸಮ್ಮನನ್ನು 'ಸಿಸ್ಟರ್' ಅಂತಲೇ ಕರೆಯುತ್ತೇವೆ. ಯುರೋಪಿನಲ್ಲಿ ಬಹಳ ಕಾಲ ರೋಗಿಗಳನ್ನು ನೋಡಿಕೊಳ್ಳುತ್ತಿದ್ದವರು ಕ್ರೈಸ್ತ ಸನ್ಯಾಸಿನಿಯರು. ಹೆಸರು ಅಲ್ಲಿಂದ ಬಂತು. ಸನ್ಯಾಸಿನಿಗೆ ಸಂಸಾರ ಇರುವುದಿಲ್ಲವಲ್ಲ, ಹೆಸರಿನ ಹಿಂದೆಯೇ ಆ ನಿರೀಕ್ಷೆಯೂ ಬಂದುಬಿಟ್ಟಿತು. 1860ರಲ್ಲಿ ಲಂಡನ್ನಿನಲ್ಲಿ ನರ್ಸಿಂಗ್ ಶಾಲೆ ತೆರೆದ ಫ್ಲಾರೆನ್ಸ್ ನೈಟಿಂಗೇಲ್ ಕೂಡ ಬಂದ ಸಂಬಂಧ ಬೇಡವೆಂದು ಒಂಟಿಯಾಗಿ ಉಳಿದರು. ಅದು ಅವರ ಇಷ್ಟ. ಮುಂದೆ ಬಂದ ಎಷ್ಟೋ ಜನರಿಗೆ ಅದೇ ನಿಯಮವಾಯಿತು.

ನಮ್ಮ ದೇಶದ ಸೇನೆಯಲ್ಲಿ ಏನಾಯಿತು ನೋಡಿ. 1888ರ ಮಾರ್ಚಿನಲ್ಲಿ 10 ನರ್ಸ್‌ಗಳು ಹಡಗಿನಲ್ಲಿ ಬೊಂಬಾಯಿಗೆ ಬಂದಿಳಿದರು. ಸೇನೆಯ ನರ್ಸಿಂಗ್ ಸೇವೆ ಶುರುವಾಗಿದ್ದು ಹೀಗೆ. ನೂರು ವರ್ಷ ಕಳೆದು 1988ರ ಆಗಸ್ಟಿನಲ್ಲಿ ಅದೇ ಸೇವೆಯ ಲೆಫ್ಟಿನೆಂಟ್ ಸೆಲಿನಾ ಜಾನ್ ಅವರನ್ನು ಕೆಲಸದಿಂದ ತೆಗೆದರು. ಮದುವೆಯಾಗಿದ್ದೇ ತಪ್ಪು! ಕೈಹಿಡಿದವರೂ ಸೇನೆಯ ಅಧಿಕಾರಿಯೇ, ಆದರೆ ಈ ನಿಯಮ ನರ್ಸಿಂಗ್ ಸೇವೆಯ ಹೆಂಗಸರಿಗೆ ಮಾತ್ರ.

1977ರ ಸೇನಾ ಆದೇಶದಲ್ಲಿ ನರ್ಸ್‌ಗಳನ್ನು ತೆಗೆಯಲು ಕಾರಣಗಳ ಪಟ್ಟಿಯೇ ಇತ್ತು. ಆರೋಗ್ಯ ಕೆಟ್ಟು ಸೇವೆಗೆ ಯೋಗ್ಯರಲ್ಲ ಎಂದು ವೈದ್ಯರ ಮಂಡಳಿ ಹೇಳಿದರೆ, ಮದುವೆಯಾದರೆ, ದುರ್ನಡತೆ ತೋರಿದರೆ. ಮದುವೆಯನ್ನು ದುರ್ನಡತೆಯ ಪಕ್ಕದಲ್ಲಿ ಬರೆದದ್ದು ಕಂಡು ನಾವು ಆ ಸಾಲನ್ನು ಎರಡು ಸಲ ಓದಿದೆವು.

ಇಲ್ಲಿ ಕೊಡಗಿನ ಸಿ.ಬಿ. ಮುತ್ತಮ್ಮ ನೆನಪಾಗುತ್ತಾರೆ. ವಿದೇಶಾಂಗ ಸೇವೆಗೆ ಸೇರಿದ ಮೊದಲ ಹೆಣ್ಣುಮಗಳು. ಅಲ್ಲಿಯೂ ಹೆಂಗಸರು ಮದುವೆಗೆ ಸರ್ಕಾರದ ಒಪ್ಪಿಗೆ ಪಡೆಯಬೇಕಿತ್ತು. ಸಂಸಾರ ಕೆಲಸಕ್ಕೆ ಅಡ್ಡಿ ಅನ್ನಿಸಿದರೆ ರಾಜೀನಾಮೆ ಕೇಳಬಹುದಿತ್ತು. ಅವರು ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದರು. ಸಂಸಾರದ ತಾಪತ್ರಯ ಗಂಡಸಿಗೂ ಬರಬಹುದಲ್ಲವೇ ಎಂಬ ಅರ್ಥದಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ 1979ರಲ್ಲೇ ಬರೆದರು. ಸೇನೆಯ ನರ್ಸ್‌ಗಳ ಮೇಲಿನ ನಿಯಮ ಹೋಗಲು ಮಾತ್ರ 1995 ಬರಬೇಕಾಯಿತು.

ಅಷ್ಟರಲ್ಲಿ ಸೆಲಿನಾ ಅವರ ಕೆಲಸ ಹೋಗಿ ಏಳು ವರ್ಷವಾಗಿತ್ತು. ಸ್ವಲ್ಪ ಕಾಲ ಖಾಸಗಿಯಲ್ಲಿ ನರ್ಸ್ ಕೆಲಸ ಮಾಡಿದರು, ಕೇಸನ್ನು ಮಾತ್ರ ಬಿಡಲಿಲ್ಲ. 2016ರಲ್ಲಿ ಲಖನೌದ ಸೇನಾ ನ್ಯಾಯಮಂಡಳಿ ಅವರ ಪರ ತೀರ್ಪು ಕೊಟ್ಟಿತು. ಸರ್ಕಾರ ಮೇಲ್ಮನವಿ ಹಾಕಿತು. 2024ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಇದು ಲಿಂಗ ತಾರತಮ್ಯ ಎಂದು ಹೇಳಿ, 60 ಲಕ್ಷ ರೂಪಾಯಿ ಪರಿಹಾರ ಕೊಡಲು ಆದೇಶಿಸಿತು. ಕೆಲಸ ಹೋದಾಗಿನಿಂದ ಲೆಕ್ಕ ಹಾಕಿದರೆ 35 ವರ್ಷ ದಾಟಿತ್ತು. ಮನೋಬಲ ಅನ್ನುವುದು ಭಾಷಣದ ಮಾತಾಗಿ ಸವೆದುಹೋಗಿದೆ, ನಮಗೆ ಈ ಲೆಕ್ಕದಲ್ಲಿ ಅದು ಕಾಣುತ್ತದೆ.

ಈಗ ಗಂಡನೋ ಕೆಲಸವೋ ಎಂದು ಸೇನೆಯ ನಿಯಮ ಕೇಳುವುದಿಲ್ಲ. ಮನೆಯವರು ಕೇಳುತ್ತಾರೆ. ಸುದ್ದಿಗೆಂದು ಆಸ್ಪತ್ರೆಗಳಿಗೆ ಹೋದಾಗ ಸಿಸ್ಟರ್‌ಗಳು ನಮಗೆ ಹೇಳುವುದು ಒಂದೇ: ನೈಟ್ ಡ್ಯೂಟಿ ಪಟ್ಟಿ ಹಾಕಿದ ದಿನ ಮನೆಯಲ್ಲಿ ಜಗಳ ಶುರು, ರಾತ್ರಿ ಅಡುಗೆ ಯಾರು ಮಾಡಬೇಕು, ಮಗುವನ್ನು ಯಾರು ಮಲಗಿಸಬೇಕು ಅಂತ.