ಮನೆಯಲ್ಲಿ ಶಿಶುಗಳ ಆಟ

ಮನೆಯಲ್ಲಿ ಶಿಶುಗಳ ಆಟ ಎಂದರೆ ಹುಟ್ಟಿನಿಂದ ಸುಮಾರು ಮೂರು ವರ್ಷದವರೆಗಿನ ಮಕ್ಕಳೊಂದಿಗೆ ಮನೆಮಂದಿ ದಿನಬಳಕೆಯ ವಸ್ತುಗಳಿಂದ ಆಡಿಸುವ ಸರಳವಾದ, ಹೆಚ್ಚು ಖರ್ಚಿಲ್ಲದ ಆಟಗಳು. ಲೋಟ, ಬಟ್ಟಲು, ಬಟ್ಟೆಯ ತುಂಡು, ರಟ್ಟಿನ ಪೆಟ್ಟಿಗೆ ಮುಂತಾದ ಸಾಮಾನುಗಳ ಜೊತೆಗೆ ಮಾತು, ಹಾಡು, ಮುಖಭಾವ ಮತ್ತು ಸ್ಪರ್ಶಗಳೂ ಈ ಆಟಗಳ ಸಲಕರಣೆಗಳೇ ಆಗಿವೆ. ಈ ವಯಸ್ಸಿನ ಮಗುವಿನ ಕಲಿಕೆಗೆ ಆಟಿಕೆಯ ಬೆಲೆಗಿಂತ ಮಗುವಿನ ನೋಟ, ದನಿ, ಸನ್ನೆಗಳಿಗೆ ಮರುಸ್ಪಂದಿಸುವ ಹಿರಿಯರ ಒಡನಾಟ ಮುಖ್ಯವೆಂದು ಮಕ್ಕಳ ಬೆಳವಣಿಗೆಯ ಅಧ್ಯಯನಗಳು ತೋರಿಸಿವೆ.

ವಿಶ್ವಸಂಸ್ಥೆಯು 1989ರಲ್ಲಿ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿಯು ಆಟವನ್ನು ಮಗುವಿನ ಹಕ್ಕೆಂದು ಮಾನ್ಯ ಮಾಡಿದೆ. ಭಾರತವು 1992ರಲ್ಲಿ ಈ ಒಡಂಬಡಿಕೆಯನ್ನು ಒಪ್ಪಿಕೊಂಡಿತು. ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಮತ್ತು ವಿಶ್ವ ಬ್ಯಾಂಕ್ 2018ರಲ್ಲಿ ಪ್ರಕಟಿಸಿದ ಶಿಶು ಆರೈಕೆಯ ಚೌಕಟ್ಟಿನಲ್ಲಿ ಆರೋಗ್ಯ, ಪೌಷ್ಟಿಕತೆ ಮತ್ತು ಸುರಕ್ಷತೆಗಳ ಜೊತೆಗೆ ಸ್ಪಂದನಶೀಲ ಪಾಲನೆ ಹಾಗೂ ಆರಂಭಿಕ ಕಲಿಕೆಯ ಅವಕಾಶಗಳನ್ನೂ ಸೇರಿಸಲಾಗಿದೆ.

ಹಿನ್ನೆಲೆ

ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ (1896–1980) ಹುಟ್ಟಿನಿಂದ ಸುಮಾರು ಎರಡು ವರ್ಷದವರೆಗಿನ ಅವಧಿಯನ್ನು ಇಂದ್ರಿಯ ಮತ್ತು ಚಲನೆಗಳ ಮೂಲಕ ಕಲಿಯುವ ಹಂತವೆಂದು ಗುರುತಿಸಿದರು. ಈ ಹಂತದಲ್ಲಿ ಮಗು ವಸ್ತುವನ್ನು ನೋಡಿ, ಹಿಡಿದು, ಬಾಯಿಗಿಟ್ಟು, ಬಡಿದು, ಬೀಳಿಸಿ ಅದರ ಗುಣಗಳನ್ನು ತಿಳಿಯುತ್ತದೆ. ಕಣ್ಣಿಗೆ ಕಾಣದ ವಸ್ತುವೂ ಇದ್ದೇ ಇರುತ್ತದೆ ಎಂಬ ಅರಿವು ಈ ಅವಧಿಯ ಮುಖ್ಯ ಗಳಿಕೆಗಳಲ್ಲೊಂದು. ಬಟ್ಟೆಯ ಕೆಳಗೆ ಬಚ್ಚಿಟ್ಟ ಬಟ್ಟಲನ್ನು ಮಗು ಹುಡುಕತೊಡಗುವುದು ಇದರ ಸೂಚನೆ. ಪಿಯಾಜೆಯವರ ಪ್ರಕಾರ ಇದು ಸುಮಾರು ಎಂಟನೆಯ ತಿಂಗಳ ನಂತರ ಕಾಣಿಸಿಕೊಳ್ಳುತ್ತದೆ. ಅದಕ್ಕೂ ಮೊದಲೇ ಈ ಅರಿವಿನ ಕುರುಹುಗಳು ಕಾಣುತ್ತವೆ ಎಂದು ನಂತರದ ಸಂಶೋಧಕರು ವಾದಿಸಿದ್ದಾರೆ.

ಮಗು ಒಬ್ಬಂಟಿಯಾಗಿ ಕಲಿಯುವುದಿಲ್ಲ ಎಂಬುದನ್ನು ರಷ್ಯಾದ ಲೆವ್ ವೈಗಾಟ್ಸ್ಕಿ (1896–1934) ಒತ್ತಿ ಹೇಳಿದರು. ಅಮೆರಿಕದ ಎಡ್ವರ್ಡ್ ಟ್ರಾನಿಕ್ ಮತ್ತು ಸಂಗಡಿಗರು 1970ರ ದಶಕದಲ್ಲಿ ನಡೆಸಿದ ಪ್ರಯೋಗವೊಂದರಲ್ಲಿ ತಾಯಂದಿರು ಮಗುವಿನೊಡನೆ ಆಡುತ್ತಿರುವಾಗಲೇ ಕೆಲ ನಿಮಿಷ ಮುಖವನ್ನು ಭಾವರಹಿತವಾಗಿ ಇಟ್ಟುಕೊಂಡರು. ಶಿಶುಗಳು ಮೊದಲು ನಕ್ಕು, ಕೂಗಿ ತಾಯಿಯ ಗಮನ ಸೆಳೆಯಲು ಯತ್ನಿಸಿ, ಉತ್ತರ ಸಿಗದಾಗ ಕಳವಳಗೊಂಡು ಮುಖ ತಿರುಗಿಸಿಕೊಂಡವು. ಶಿಶುವು ಒಡನಾಟದಲ್ಲಿ ಸಕ್ರಿಯವಾಗಿ ಪಾಲ್ಗೊಳ್ಳುತ್ತದೆ ಎಂಬುದಕ್ಕೆ ಈ ಪ್ರಯೋಗವನ್ನು ಇಂದಿಗೂ ಉದಾಹರಿಸಲಾಗುತ್ತದೆ.

ವಯಸ್ಸಿಗೆ ತಕ್ಕ ಆಟಗಳು

ಮಕ್ಕಳ ಬೆಳವಣಿಗೆಯ ವೇಗದಲ್ಲಿ ಸಹಜವಾಗಿಯೇ ವ್ಯತ್ಯಾಸಗಳಿರುತ್ತವೆ. ಭಾರತವೂ ಸೇರಿದಂತೆ ಐದು ದೇಶಗಳ ಮಕ್ಕಳನ್ನು ಗಮನಿಸಿ ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆರೋಗ್ಯವಂತ ಮಕ್ಕಳು ಆಸರೆಯಿಲ್ಲದೆ ನಡೆಯುವುದು 8.2ರಿಂದ 17.6 ತಿಂಗಳ ನಡುವಿನ ಯಾವುದೇ ಸಮಯದಲ್ಲಿ ಆಗಬಹುದು. ಆದ್ದರಿಂದ ಕೆಳಗಿನ ವಯೋಮಾನಗಳು ಕೇವಲ ಅಂದಾಜಿನವು.

ಹುಟ್ಟಿನಿಂದ ಮೂರು ತಿಂಗಳು: ನವಜಾತ ಶಿಶುವಿಗೆ ಸ್ಪಷ್ಟವಾಗಿ ಕಾಣುವುದು ಸುಮಾರು 20ರಿಂದ 30 ಸೆಂಟಿಮೀಟರ್ ದೂರದ ವಸ್ತುಗಳು ಮಾತ್ರ. ಇದು ಎತ್ತಿಕೊಂಡವರ ಮುಖ ಇರುವ ದೂರ. ಹೀಗಾಗಿ ಈ ವಯಸ್ಸಿನ ಮುಖ್ಯ ಆಟಿಕೆ ಮನುಷ್ಯರ ಮುಖವೇ. ಕಣ್ಣಲ್ಲಿ ಕಣ್ಣಿಟ್ಟು ಮಾತನಾಡುವುದು, ಮಗು ಹೊರಡಿಸಿದ ದನಿಯನ್ನು ಅನುಕರಿಸಿ ಮತ್ತೆ ಅದರ ಸರದಿಗಾಗಿ ಕಾಯುವುದು, ಗಾಢ ಬಣ್ಣದ ಬಟ್ಟೆಯನ್ನು ಕಣ್ಣೆದುರು ನಿಧಾನವಾಗಿ ಆಚೀಚೆ ಸರಿಸುವುದು, ಜೋಗುಳ ಹಾಡುವುದು ಇವು ಸೂಕ್ತ ಆಟಗಳು. ಮಗು ಎಚ್ಚರವಾಗಿದ್ದಾಗ, ಹಿರಿಯರ ಕಣ್ಣೆದುರಿನಲ್ಲಿ, ಚಾಪೆಯ ಮೇಲೆ ಸ್ವಲ್ಪ ಹೊತ್ತು ಬೋರಲು ಮಲಗಿಸುವುದರಿಂದ ಕತ್ತು ಮತ್ತು ಭುಜಗಳು ಬಲಗೊಳ್ಳುತ್ತವೆ. ಇನ್ನೂ ಅಂಬೆಗಾಲಿಡದ ಶಿಶುಗಳಿಗೆ ದಿನವೊಂದಕ್ಕೆ ಬಿಡಿಬಿಡಿಯಾಗಿ ಒಟ್ಟು 30 ನಿಮಿಷವಾದರೂ ಇಂತಹ ಅವಕಾಶವಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ ಹೇಳುತ್ತದೆ. ಆದರೆ ನಿದ್ರೆಗೆ ಮಗುವನ್ನು ಅಂಗಾತವಾಗಿಯೇ ಮಲಗಿಸಬೇಕು.

ಮೂರರಿಂದ ಆರು ತಿಂಗಳು: ಮಗು ಕೈಚಾಚಿ ವಸ್ತುಗಳನ್ನು ಹಿಡಿಯತೊಡಗುತ್ತದೆ. ಹಗುರವಾದ ಗಿಲಕಿ, ಸ್ವಚ್ಛವಾದ ಮರದ ಚಮಚ, ಗಂಟು ಹಾಕಿದ ಹತ್ತಿಬಟ್ಟೆಗಳನ್ನು ಕೈಗೆ ಎಟಕುವಂತೆ ಹಿಡಿಯಬಹುದು. ಗಿಲಕಿಯ ಸದ್ದನ್ನು ಒಂದು ಪಕ್ಕದಿಂದ ಮಾಡಿದಾಗ ಮಗು ಅತ್ತ ತಿರುಗುವುದು ಆಟವೂ ಹೌದು, ಕೇಳುವ ಶಕ್ತಿಯ ಬಗ್ಗೆ ಮನೆಮಂದಿಗೆ ಸಿಗುವ ಸುಳಿವೂ ಹೌದು.

ಆರರಿಂದ ಹನ್ನೆರಡು ತಿಂಗಳು: ಕುಳಿತುಕೊಳ್ಳಲು ಕಲಿತ ಮಗುವಿನ ಎರಡೂ ಕೈಗಳು ಆಟಕ್ಕೆ ಬಿಡುವಾಗುತ್ತವೆ. ಸ್ಟೀಲಿನ ತಟ್ಟೆಯ ಮೇಲೆ ಚಮಚದಿಂದ ಬಡಿಯುವುದು, ಒಂದು ಕೈಯ ವಸ್ತುವನ್ನು ಇನ್ನೊಂದು ಕೈಗೆ ಸಾಗಿಸುವುದು, ಡಬ್ಬಿಯಿಂದ ವಸ್ತುಗಳನ್ನು ಹೊರತೆಗೆಯುವುದು ಈ ವಯಸ್ಸಿನ ಮೆಚ್ಚಿನ ಚಟುವಟಿಕೆಗಳು. ಸೆರಗಿನಿಂದ ಮುಖ ಮುಚ್ಚಿ ತೆರೆಯುವ ಆಟ ಮತ್ತು ಬಟ್ಟೆಯ ಕೆಳಗೆ ಬಚ್ಚಿಟ್ಟದ್ದನ್ನು ಹುಡುಕಿಸುವ ಆಟಗಳು ಮರೆಯಾದದ್ದು ಮರಳಿ ಬರುತ್ತದೆ ಎಂಬ ತಿಳಿವಳಿಕೆಯನ್ನು ಗಟ್ಟಿಗೊಳಿಸುತ್ತವೆ. ಮಗು ವಸ್ತುವನ್ನು ಪದೇ ಪದೇ ಕೆಳಗೆ ಬೀಳಿಸುವುದು ಹಟವಲ್ಲ. ಬಿದ್ದಾಗ ಏನಾಗುತ್ತದೆ, ಯಾರು ಎತ್ತಿಕೊಡುತ್ತಾರೆ ಎಂಬುದರ ಪರೀಕ್ಷೆ ಅದು.

ಒಂದರಿಂದ ಎರಡು ವರ್ಷ: ತುಂಬುವುದು, ಸುರಿಯುವುದು, ಒಂದರೊಳಗೊಂದು ಇಡುವುದು, ಪೇರಿಸಿ ಕೆಡಹುವುದು ಈ ಹಂತದ ಮುಖ್ಯ ಆಟಗಳು. ಬೇರೆ ಬೇರೆ ಅಳತೆಯ ಲೋಟಗಳು, ಪಾತ್ರೆ ಮತ್ತು ಮುಚ್ಚಳಗಳು, ಬಟ್ಟೆಗಳನ್ನು ತುಂಬಿದ ಬುಟ್ಟಿ, ದಾರ ಕಟ್ಟಿ ಎಳೆಯುವ ರಟ್ಟಿನ ಪೆಟ್ಟಿಗೆಗಳು ಇದಕ್ಕೆ ಸಾಕಾಗುತ್ತವೆ. ಚಪಾತಿ ಹಿಟ್ಟಿನ ಉಂಡೆಯನ್ನು ಒತ್ತಿ, ಎಳೆದು ಆಡುವುದರಿಂದ ಬೆರಳುಗಳ ಹಿಡಿತ ಸುಧಾರಿಸುತ್ತದೆ. "ಮೂಗೆಲ್ಲಿ, ಕಿವಿಯೆಲ್ಲಿ" ಎಂದು ಕೇಳಿ ತೋರಿಸುವ ಆಟ, ಮನೆಗೆಲಸ ಮಾಡುತ್ತಲೇ ವಸ್ತುಗಳ ಹೆಸರು ಹೇಳುವುದು ಪದಸಂಪತ್ತನ್ನು ಬೆಳೆಸುತ್ತವೆ.

ಎರಡರಿಂದ ಮೂರು ವರ್ಷ: ನಟನೆಯ ಆಟ ಅರಳುವ ಕಾಲವಿದು. ಖಾಲಿ ಬಟ್ಟಲಿನಿಂದ ಗೊಂಬೆಗೆ ಊಟ ಮಾಡಿಸುವುದು, ಸಾಲಾಗಿಟ್ಟ ಮಣೆಗಳನ್ನು ಬಸ್ಸು ಮಾಡುವುದು ಇದರ ರೂಪಗಳು. ಒಂದು ವಸ್ತುವನ್ನು ಇನ್ನೊಂದರ ಬದಲಿಗೆ ಭಾವಿಸಿಕೊಳ್ಳುವ ಈ ಶಕ್ತಿ ಭಾಷೆಯ ಬೆಳವಣಿಗೆಯೊಂದಿಗೆ ಹೆಣೆದುಕೊಂಡಿದೆ. ಒಗೆದ ಬಟ್ಟೆಗಳಲ್ಲಿ ದೊಡ್ಡದು–ಚಿಕ್ಕದು ಬೇರ್ಪಡಿಸುವುದು, ನೆಲದ ಮೇಲೆ ಎಳೆದ ಗೆರೆಯ ಮೇಲೆ ನಡೆಯುವುದು, ಹಳೆಯ ಪತ್ರಿಕೆಗಳ ಚಿತ್ರಗಳನ್ನು ಅಂಟಿಸಿ ಮಾಡಿದ ಪುಸ್ತಕವನ್ನು ನೋಡಿ ಮಾತನಾಡುವುದು ಕೂಡ ಸೂಕ್ತ.

ನಿಧಿಬುಟ್ಟಿ

ಬ್ರಿಟನ್ನಿನ ಶಿಶುಶಿಕ್ಷಣ ತಜ್ಞೆ ಎಲಿನರ್ ಗೋಲ್ಡ್‌ಶ್ಮೀಡ್ (1910–2009) ರೂಪಿಸಿದ ಆಟಕ್ಕೆ ನಿಧಿಬುಟ್ಟಿ ಎನ್ನಬಹುದು. ಕುಳಿತುಕೊಳ್ಳಬಲ್ಲ ಆದರೆ ಇನ್ನೂ ಹರಿದಾಡದ ಶಿಶುಗಳಿಗೆಂದು ಇದನ್ನು ಯೋಜಿಸಲಾಯಿತು. ಅಗಲವಾದ, ತಗ್ಗಾದ, ಮಗುಚಿ ಬೀಳದ ಬುಟ್ಟಿಯೊಂದರಲ್ಲಿ ಮರ, ಲೋಹ, ಚರ್ಮ, ಬಟ್ಟೆ, ನಾರು ಮುಂತಾದವುಗಳಿಂದಾದ ಹತ್ತಾರು ನಿತ್ಯಬಳಕೆಯ ವಸ್ತುಗಳನ್ನು ಇಡಲಾಗುತ್ತದೆ. ಪ್ಲಾಸ್ಟಿಕ್ ಆಟಿಕೆಗಳಿಗೆ ಇದರಲ್ಲಿ ಸ್ಥಾನವಿಲ್ಲ. ತೂಕ, ತಂಪು, ವಾಸನೆ, ಸದ್ದು, ಮೈಯ ನುಣುಪು ಅಥವಾ ಒರಟುತನಗಳಲ್ಲಿ ಪ್ಲಾಸ್ಟಿಕ್ಕಿನ ವಸ್ತುಗಳು ಹೆಚ್ಚುಕಡಿಮೆ ಒಂದೇ ಬಗೆಯವು ಎಂಬುದು ಇದಕ್ಕೆ ಕಾರಣ. ಹಿರಿಯರು ಹತ್ತಿರದಲ್ಲೇ ಕುಳಿತು ಗಮನಿಸುತ್ತಾರೆ. ಯಾವುದನ್ನು ಎತ್ತಿಕೊಳ್ಳಬೇಕು, ಎಷ್ಟು ಹೊತ್ತು ಆಡಬೇಕು ಎಂಬುದು ಮಗುವಿನ ಆಯ್ಕೆ.

ಕರ್ನಾಟಕದ ಮನೆಗಳಲ್ಲಿ ಇಂತಹ ಬುಟ್ಟಿಗೆ ಮರದ ಸೌಟು, ಸ್ಟೀಲಿನ ಬಟ್ಟಲು, ಹಿತ್ತಾಳೆಯ ಲೋಟ, ನುಣುಪಾಗಿ ಉಜ್ಜಿದ ತೆಂಗಿನ ಕರಟ, ರೇಷ್ಮೆ ಬಟ್ಟೆಯ ತುಂಡು ಮುಂತಾದವು ಸುಲಭವಾಗಿ ಒದಗುತ್ತವೆ. ನಡೆದಾಡುವ ಮಕ್ಕಳಿಗೆ ಡಬ್ಬಿ, ಮುಚ್ಚಳ, ಬಳೆಗಳಂತಹ ವಸ್ತುಗಳನ್ನು ರಾಶಿಯಾಗಿ ಕೊಟ್ಟು ತಾವೇ ಜೋಡಿಸಲು ಬಿಡುವ ಮುಂದಿನ ಹಂತವನ್ನೂ ಗೋಲ್ಡ್‌ಶ್ಮೀಡ್ ರೂಪಿಸಿದರು. ಸೋನಿಯಾ ಜಾಕ್ಸನ್ ಜೊತೆಗೂಡಿ ಅವರು ಬರೆದ, ಮೂರು ವರ್ಷದೊಳಗಿನ ಮಕ್ಕಳ ಕುರಿತ ಪುಸ್ತಕವು 1994ರಲ್ಲಿ ಪ್ರಕಟವಾಯಿತು.

ಕರ್ನಾಟಕದ ರೂಢಿಗಳು

ಕನ್ನಡ ನಾಡಿನ ಮನೆಗಳಲ್ಲಿ ಶಿಶುಗಳನ್ನು ಆಡಿಸುವ ಕ್ರಮಗಳು ಬಾಯಿಂದ ಬಾಯಿಗೆ ಉಳಿದುಬಂದಿವೆ. ಚಾಚಿದ ಕಾಲುಗಳ ಮೇಲೆ ಕೂಸನ್ನು ಮಲಗಿಸಿಕೊಂಡು ಎಣ್ಣೆ ಹಚ್ಚಿ ನೀರೆರೆಯುವಾಗ ಅಜ್ಜಿಯರು ಮಗುವಿನೊಡನೆ ನಡೆಸುವ ಮಾತುಕತೆ, ಕೈಯನ್ನು ಮಣಿಕಟ್ಟಿನಲ್ಲಿ ತಿರುಗಿಸುವ ತಾರಮ್ಮಯ್ಯ, ಚಪ್ಪಾಳೆಯಾಟ, ಬೆನ್ನ ಮೇಲೆ ಹೊತ್ತು ತಿರುಗುವ ಉಪ್ಪುಮೂಟೆ ಮತ್ತು ಕೂಸುಮರಿ ಇಂತಹ ಆಟಗಳಿಗೆ ಉದಾಹರಣೆಗಳು. ಇವುಗಳಿಗೆ ಯಾವ ಸಲಕರಣೆಯೂ ಬೇಕಿಲ್ಲ. ಅಂಬೆಗಾಲಿಡುವ ಮಗು ಮೊದಲ ಬಾರಿ ಹೊಸ್ತಿಲು ದಾಟಿದಾಗ ಸಂಭ್ರಮಿಸುವ ರೂಢಿಯೂ ಹಲವು ಮನೆಗಳಲ್ಲಿದೆ.

ಚನ್ನಪಟ್ಟಣದ ಕುಶಲಕರ್ಮಿಗಳು ಹಾಲೆ ಮರವನ್ನು ಕಡೆದು, ಅರಗಿನ ಬಣ್ಣ ಹಚ್ಚಿ ತಯಾರಿಸುವ ಗಿಲಕಿ, ಬುಗುರಿ, ಗಾಲಿಯ ಆಟಿಕೆಗಳು ಪ್ರಸಿದ್ಧವಾಗಿದ್ದು, ಭೌಗೋಳಿಕ ಸೂಚಕದ ಮಾನ್ಯತೆ ಪಡೆದಿವೆ.

ಜಮೈಕಾದ ಅಧ್ಯಯನ

ಮನೆಯಾಟದ ಪರಿಣಾಮವನ್ನು ದೀರ್ಘಕಾಲ ಅಳೆದ ಅಧ್ಯಯನಗಳಲ್ಲಿ ಜಮೈಕಾದ ರಾಜಧಾನಿ ಕಿಂಗ್‌ಸ್ಟನ್ನಿನಲ್ಲಿ ನಡೆದದ್ದು ಹೆಚ್ಚು ಹೆಸರಾಗಿದೆ. ಸ್ಯಾಲಿ ಗ್ರಂಥಮ್-ಮೆಗ್ರೆಗರ್ ಮತ್ತು ಸಹೋದ್ಯೋಗಿಗಳು 1986–87ರಲ್ಲಿ ಬಡ ಬಡಾವಣೆಗಳ 129 ಮಕ್ಕಳನ್ನು ಇದಕ್ಕೆ ಸೇರಿಸಿಕೊಂಡರು. 9ರಿಂದ 24 ತಿಂಗಳ ಈ ಮಕ್ಕಳ ಎತ್ತರ ಅವರ ವಯಸ್ಸಿಗೆ ತಕ್ಕಷ್ಟಿರಲಿಲ್ಲ. ಮಕ್ಕಳನ್ನು ನಾಲ್ಕು ಗುಂಪು ಮಾಡಿ, ಒಂದು ಗುಂಪಿಗೆ ಪೂರಕ ಆಹಾರ, ಇನ್ನೊಂದಕ್ಕೆ ಆಟದ ನೆರವು, ಮತ್ತೊಂದಕ್ಕೆ ಎರಡನ್ನೂ ನೀಡಲಾಯಿತು. ನಾಲ್ಕನೆಯ ಗುಂಪಿಗೆ ಇವೆರಡೂ ಇರಲಿಲ್ಲ.

ಆಟದ ನೆರವು ಎಂದರೆ ಸಮುದಾಯದ ಆರೋಗ್ಯ ಸಹಾಯಕಿಯೊಬ್ಬರು ವಾರಕ್ಕೊಮ್ಮೆ ಮನೆಗೆ ಬಂದು ಸುಮಾರು ಒಂದು ಗಂಟೆ ತಾಯಿ–ಮಗುವಿನೊಡನೆ ಆಡುವುದು. ಬಿಸಾಡುವ ವಸ್ತುಗಳಿಂದ ಮಾಡಿದ ಆಟಿಕೆಗಳನ್ನು ಮನೆಯಲ್ಲಿ ಬಿಟ್ಟು, ಮುಂದಿನ ಭೇಟಿಯಲ್ಲಿ ಬೇರೆಯದನ್ನು ತರಲಾಗುತ್ತಿತ್ತು. ಮಗುವಿಗೆ ಕಲಿಸುವುದಷ್ಟೇ ಅಲ್ಲ, ತಾಯಿಯಲ್ಲಿ ಆತ್ಮವಿಶ್ವಾಸ ಮೂಡಿಸುವುದೂ ಉದ್ದೇಶವಾಗಿತ್ತು. ಈ ಕಾರ್ಯಕ್ರಮ ಎರಡು ವರ್ಷ ನಡೆಯಿತು.

ಎರಡು ವರ್ಷಗಳ ಕೊನೆಗೆ ಪೂರಕ ಆಹಾರ ಮತ್ತು ಆಟ ಎರಡರಿಂದಲೂ ಮಕ್ಕಳ ಬೆಳವಣಿಗೆಗೆ ಪ್ರಯೋಜನವಾಗಿತ್ತು. ಆದರೆ ದೀರ್ಘಕಾಲ ಉಳಿದದ್ದು ಆಟದ ಲಾಭ. ಆ ಮಕ್ಕಳು 22 ವರ್ಷದವರಾದಾಗ ನಡೆಸಿದ, 2014ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ, ಆಟದ ನೆರವು ಪಡೆದವರ ಗಳಿಕೆ ಪಡೆಯದವರಿಗಿಂತ ಸುಮಾರು ಶೇ. 25ರಷ್ಟು ಹೆಚ್ಚಿತ್ತು.

ಭಾರತದಲ್ಲಿ

ಜಮೈಕಾದ ಮಾದರಿಯನ್ನು ಒಡಿಶಾದ ಕಟಕ್ ನಗರದ ಕೊಳೆಗೇರಿಗಳಿಗೆ ಹೊಂದಿಸಿ 421 ಮಕ್ಕಳೊಂದಿಗೆ ಪ್ರಯೋಗ ನಡೆಸಲಾಯಿತು. ಸ್ಥಳೀಯ ಮಹಿಳೆಯರು 18 ತಿಂಗಳ ಕಾಲ ಮನೆಗಳಿಗೆ ಭೇಟಿ ನೀಡಿದರು. ಮಕ್ಕಳ ಗ್ರಹಿಕೆಯ ಸಾಮರ್ಥ್ಯ ಸುಧಾರಿಸಿದ್ದು ಕಂಡುಬಂದಿತು.

ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು 1975ರ ಅಕ್ಟೋಬರ್ 2ರಂದು ದೇಶದಲ್ಲಿ ಆರಂಭವಾಯಿತು. ಕರ್ನಾಟಕದಲ್ಲಿ ಇದು ಮೊದಲು ಮೈಸೂರು ಜಿಲ್ಲೆಯ ಟಿ. ನರಸೀಪುರದಲ್ಲಿ ಜಾರಿಗೆ ಬಂತು. ಅಂಗನವಾಡಿಗಳಲ್ಲಿ ಶಾಲಾಪೂರ್ವ ಶಿಕ್ಷಣ ದೊರೆಯುವುದು ಮೂರು ವರ್ಷ ದಾಟಿದ ಮಕ್ಕಳಿಗೆ. ಅದಕ್ಕಿಂತ ಚಿಕ್ಕ ಮಕ್ಕಳು ಹೆಚ್ಚಿನ ಸಮಯ ಮನೆಯಲ್ಲೇ ಇರುತ್ತಾರೆ. ಈ ಅಂತರವನ್ನು ತುಂಬಲು ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು 2024ರಲ್ಲಿ ‘ನವಚೇತನ’ ಎಂಬ ಚೌಕಟ್ಟನ್ನು ಪ್ರಕಟಿಸಿತು. ಇದರಲ್ಲಿ ಹುಟ್ಟಿನಿಂದ 36 ತಿಂಗಳವರೆಗೆ ಮನೆಯಲ್ಲೂ ಅಂಗನವಾಡಿಯಲ್ಲೂ ಮಾಡಬಹುದಾದ 140 ಚಟುವಟಿಕೆಗಳಿವೆ.

ಸುರಕ್ಷತೆ

ಮನೆಯ ವಸ್ತುಗಳು ಅಗ್ಗವಾದರೂ ಎಲ್ಲವೂ ಅಪಾಯರಹಿತವಲ್ಲ. ಮೂರು ವರ್ಷದೊಳಗಿನ ಮಕ್ಕಳು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುವುದರಿಂದ ಉಸಿರುಗಟ್ಟುವ ಸಂಭವವೇ ದೊಡ್ಡ ಅಪಾಯ.

- ಸುಮಾರು 3 ಸೆಂಟಿಮೀಟರಿಗಿಂತ ಕಡಿಮೆ ಅಗಲದ ಯಾವ ವಸ್ತುವನ್ನೂ ಕೊಡಬಾರದು. ಕಡಲೆಕಾಯಿ ಬೀಜ, ಹುಣಸೆಬೀಜ, ಅಡಿಕೆ ಚೂರು, ಗುಂಡಿ, ಗೋಲಿ, ನಾಣ್ಯಗಳು ಕೈಗೆ ಸಿಗದಂತಿರಬೇಕು.
- ಗುಂಡಿಯಾಕಾರದ ಬ್ಯಾಟರಿ ಮತ್ತು ಚಿಕ್ಕ ಆಯಸ್ಕಾಂತಗಳನ್ನು ನುಂಗಿದರೆ ಪ್ರಾಣಾಪಾಯವಿದ್ದು, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು.
- ಬಾಟಲಿಯಲ್ಲಿ ಕಾಳು ತುಂಬಿ ಗಿಲಕಿ ಮಾಡಿದಾಗ ಮುಚ್ಚಳವನ್ನು ಗಟ್ಟಿಯಾಗಿ ಅಂಟಿಸಿ, ಪ್ರತಿ ಬಾರಿಯೂ ಪರೀಕ್ಷಿಸಬೇಕು.
- ಪ್ಲಾಸ್ಟಿಕ್ ಚೀಲ, ಒಡೆದ ಬಲೂನು, ಉದ್ದನೆಯ ದಾರಗಳನ್ನು ಮಗುವಿನ ಬಳಿ ಬಿಡಬಾರದು. ಎಳೆಯುವ ಪೆಟ್ಟಿಗೆಯ ದಾರ ಗಿಡ್ಡವಾಗಿರಬೇಕು.
- ಬಕೆಟ್ಟಿನ ತಳದಲ್ಲಿರುವ ಸ್ವಲ್ಪ ನೀರಿನಲ್ಲೂ ಶಿಶುಗಳು ಮುಳುಗಬಹುದು. ನೀರಾಟ ಮುಗಿದ ಕೂಡಲೇ ನೀರನ್ನು ಚೆಲ್ಲಬೇಕು.

ಅಂಗಡಿಯಲ್ಲಿ ಕೊಳ್ಳುವ ಆಟಿಕೆಗಳಿಗೆ ಭಾರತೀಯ ಮಾನಕ ಬ್ಯೂರೋದ ಐಎಸ್‌ಐ ಗುರುತು 2021ರ ಜನವರಿಯಿಂದ ಕಡ್ಡಾಯವಾಗಿದೆ.

ಮೊಬೈಲ್ ಮತ್ತು ದೂರದರ್ಶನ

ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯು ಎರಡು ವರ್ಷ ತುಂಬದ ಮಕ್ಕಳಿಗೆ ಕುಳಿತು ಪರದೆ ನೋಡುವುದನ್ನು ಶಿಫಾರಸು ಮಾಡುವುದಿಲ್ಲ. ಎರಡು ವರ್ಷದ ಮಕ್ಕಳಿಗೂ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚಾಗಬಾರದು. ಮುದ್ರಿತ ವಿಡಿಯೋ ಮಗುವಿನ ದನಿಗೆ ಉತ್ತರಿಸಲಾರದು, ಅದರ ಸರದಿಗಾಗಿ ಕಾಯಲಾರದು.

ಮಿತಿಗಳು

ಜಮೈಕಾದ ಅಧ್ಯಯನದ ಮಕ್ಕಳ ಸಂಖ್ಯೆ ಚಿಕ್ಕದು. ಅಲ್ಲಿ ಫಲ ನೀಡಿದ್ದು ಆಟಿಕೆಗಳು ಮಾತ್ರವಲ್ಲ, ಎರಡು ವರ್ಷ ಬಿಡದೆ ನಡೆದ ಭೇಟಿಗಳು. ಆದ್ದರಿಂದ ಆಟಿಕೆಗಳನ್ನು ಹಂಚಿದಷ್ಟಕ್ಕೇ ಅದೇ ಫಲ ಸಿಗುತ್ತದೆ ಎನ್ನಲಾಗದು. ದಿನವಿಡೀ ಕೂಲಿಗೆ ಹೋಗುವ ತಾಯಂದಿರಿಗೆ ಆಟಕ್ಕೆಂದು ಪ್ರತ್ಯೇಕ ಸಮಯ ಸಿಗುವುದು ಕಷ್ಟ. ಊಟ, ಸ್ನಾನ, ಮನೆಗೆಲಸಗಳ ನಡುವೆಯೇ ಆಡಿಸುವುದು ಮತ್ತು ತಂದೆ, ಅಜ್ಜ–ಅಜ್ಜಿ, ಅಕ್ಕ–ಅಣ್ಣಂದಿರು ಇದರಲ್ಲಿ ಪಾಲುಗೊಳ್ಳುವುದು ಇದಕ್ಕೆ ದಾರಿ.

ಆಟವು ಚಿಕಿತ್ಸೆಗೆ ಬದಲಿಯೂ ಅಲ್ಲ. ಮಗು ಸದ್ದಿನತ್ತ ತಿರುಗದಿದ್ದರೆ, ಒಂಬತ್ತು ತಿಂಗಳಾದರೂ ಕುಳಿತುಕೊಳ್ಳದಿದ್ದರೆ, ಒಂದೂವರೆ ವರ್ಷವಾದರೂ ನಡೆಯದಿದ್ದರೆ ಅಥವಾ ಕಲಿತ ಮಾತು ಮತ್ತು ಚಟುವಟಿಕೆಗಳನ್ನು ಬಿಟ್ಟುಬಿಟ್ಟರೆ ವೈದ್ಯರನ್ನು ಕಾಣಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಅಡಿಯಲ್ಲಿ ಇಂತಹ ತಪಾಸಣೆ ಉಚಿತವಾಗಿ ದೊರೆಯುತ್ತದೆ.

ಇವನ್ನೂ ನೋಡಿ

- ಅಂಗನವಾಡಿ
- ಚನ್ನಪಟ್ಟಣದ ಗೊಂಬೆಗಳು
- ಜೀನ್ ಪಿಯಾಜೆ
- ಜೋಗುಳ