ಮಾನವನ ಶ್ವಾಸಾಂಗವ್ಯೂಹ

ಹೊರಗಿನ ಗಾಳಿಯಲ್ಲಿರುವ ಆಮ್ಲಜನಕವನ್ನು ರಕ್ತಕ್ಕೆ ಸೇರಿಸಿ, ರಕ್ತದಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೊರಹಾಕುವ ಅಂಗಗಳ ಸಮೂಹವನ್ನು ಶ್ವಾಸಾಂಗವ್ಯೂಹ ಎನ್ನುತ್ತಾರೆ. ಮೂಗು, ಗಂಟಲಕುಳಿ, ಧ್ವನಿಪೆಟ್ಟಿಗೆ, ಶ್ವಾಸನಾಳ ಮತ್ತು ಅದರ ಕವಲುಗಳು, ಶ್ವಾಸಕೋಶಗಳು, ವಪೆ ಹಾಗೂ ಪಕ್ಕೆಲುಬುಗಳ ನಡುವಿನ ಸ್ನಾಯುಗಳು ಇದರ ಮುಖ್ಯ ಭಾಗಗಳು. ವಿಶ್ರಾಂತಿಯಲ್ಲಿರುವ ವಯಸ್ಕನು ದಿನವೊಂದಕ್ಕೆ ಸುಮಾರು 10,000 ಲೀಟರ್ ಗಾಳಿಯನ್ನು ಒಳಗೆಳೆದುಕೊಳ್ಳುತ್ತಾನೆ. ಗಾಳಿಯೊಡನೆ ಧೂಳು, ಹೊಗೆ, ರೋಗಾಣುಗಳೂ ಒಳಬರುವುದರಿಂದ, ಗಾಳಿಯನ್ನು ಶುದ್ಧಗೊಳಿಸುವ ಕೆಲಸವೂ ಈ ಅಂಗಗಳದ್ದೇ ಆಗಿದೆ.

ಗಾಳಿಯ ಮಾರ್ಗ

ಮೂಗಿನ ಒಳಗೋಡೆಯಲ್ಲಿ ಕೂದಲುಗಳೂ, ಲೋಳೆಯನ್ನು ಸ್ರವಿಸುವ ಪೊರೆಯೂ ಇವೆ. ಇಲ್ಲಿ ಗಾಳಿಯು ದೇಹದ ಉಷ್ಣತೆಗೆ ಹೊಂದಿಕೊಂಡು ತೇವವಾಗುತ್ತದೆ. ದಪ್ಪ ಧೂಳು ಸಿಕ್ಕಿಕೊಳ್ಳುತ್ತದೆ. ಬಾಯಿಯಿಂದ ಉಸಿರಾಡುವವರಿಗೆ ಈ ಅನುಕೂಲ ಬಹುಮಟ್ಟಿಗೆ ತಪ್ಪಿಹೋಗುತ್ತದೆ.

ಗಂಟಲಕುಳಿಯು ಆಹಾರಕ್ಕೂ ಗಾಳಿಗೂ ಸಮಾನ ದಾರಿ. ನುಂಗುವಾಗ ಧ್ವನಿಪೆಟ್ಟಿಗೆ ಮೇಲೆದ್ದು, ಎಲೆಯಾಕಾರದ ಮುಚ್ಚಳವೊಂದು ಅದರ ಬಾಯಿಯ ಮೇಲೆ ಬಾಗುತ್ತದೆ. ಮಾತನಾಡುತ್ತ ಉಣ್ಣುವಾಗ ಈ ಹೊಂದಾಣಿಕೆ ತಪ್ಪಿದರೆ ಕೆಮ್ಮು ಬರುತ್ತದೆ. ಇದನ್ನೇ ವಾಡಿಕೆಯಲ್ಲಿ ‘ನೆತ್ತಿಗೆ ಹತ್ತಿತು’ ಎನ್ನುವುದುಂಟು. ಆದರೆ ಅಗುಳು ಹೋಗಿರುವುದು ನೆತ್ತಿಯ ಕಡೆಗಲ್ಲ, ಧ್ವನಿಪೆಟ್ಟಿಗೆಯ ಕಡೆಗೆ.

ಶ್ವಾಸನಾಳವು ಸುಮಾರು 10ರಿಂದ 12 ಸೆಂಟಿಮೀಟರ್ ಉದ್ದವಿದ್ದು, ಹಿಂಬದಿಯಲ್ಲಿ ತೆರೆದಿರುವ 16ರಿಂದ 20 ಮೃದ್ವಸ್ಥಿಯ ಬಳೆಗಳು ಅದು ಕುಸಿಯದಂತೆ ಹಿಡಿದಿಡುತ್ತವೆ. ಎದೆಯಲ್ಲಿ ಅದು ಎರಡಾಗಿ ಕವಲೊಡೆಯುತ್ತದೆ. ಬಲಗವಲು ಎಡಗವಲಿಗಿಂತ ಅಗಲವಾಗಿಯೂ ಹೆಚ್ಚು ನೇರವಾಗಿಯೂ ಇದೆ. ಚಿಕ್ಕ ಮಕ್ಕಳ ಗಂಟಲಿಗೆ ಜಾರಿದ ಶೇಂಗಾ ಬೀಜವೋ ಮಣಿಯೋ ಸಾಮಾನ್ಯವಾಗಿ ಬಲ ಶ್ವಾಸಕೋಶದಲ್ಲಿ ಸಿಗುವುದು ಈ ಕಾರಣಕ್ಕೆ.

ಶ್ವಾಸಕೋಶಗಳು

ಬಲ ಶ್ವಾಸಕೋಶದಲ್ಲಿ ಮೂರು ಹಾಲೆಗಳೂ, ಹೃದಯಕ್ಕೆ ಸ್ಥಳ ಬಿಟ್ಟುಕೊಟ್ಟಿರುವ ಎಡ ಶ್ವಾಸಕೋಶದಲ್ಲಿ ಎರಡೂ ಇವೆ. ಎರಡು ಪದರಗಳ ತೆಳುವಾದ ಪೊರೆ ಪ್ರತಿಯೊಂದನ್ನೂ ಆವರಿಸಿದೆ. ವಾಯುನಾಳಗಳು ಮರದ ಕೊಂಬೆಗಳಂತೆ ಸುಮಾರು 23 ಬಾರಿ ಕವಲೊಡೆದು, ಕೊನೆಗೆ ವಾಯುಕೋಶಗಳೆಂಬ ಸೂಕ್ಷ್ಮ ಗುಳ್ಳೆಗಳಲ್ಲಿ ಮುಗಿಯುತ್ತವೆ. ಇವುಗಳ ಸಂಖ್ಯೆ 30 ಕೋಟಿಗೂ ಹೆಚ್ಚು; ಎಲ್ಲವನ್ನೂ ಬಿಡಿಸಿ ಹರಡಿದರೆ ಸುಮಾರು 70 ಚದರ ಮೀಟರ್ ವಿಸ್ತಾರವಾದೀತು. ವಾಯುಕೋಶದ ಒಳಮೈಯಲ್ಲಿರುವ, ಮೇಲ್ಮೈ ಸೆಳೆತವನ್ನು ತಗ್ಗಿಸುವ ದ್ರವ್ಯವೊಂದು ಗುಳ್ಳೆಗಳು ಕುಸಿಯದಂತೆ ಕಾಪಾಡುತ್ತದೆ. ದಿನ ತುಂಬುವ ಮೊದಲೇ ಹುಟ್ಟಿದ ಶಿಶುಗಳು ಉಸಿರಿಗೆ ಕಷ್ಟಪಡಲು ಈ ದ್ರವ್ಯದ ಕೊರತೆಯೇ ಮುಖ್ಯ ಕಾರಣ.

ಉಸಿರಾಟ ಮತ್ತು ಅನಿಲ ವಿನಿಮಯ

ಶ್ವಾಸಕೋಶಗಳು ತಾವಾಗಿ ಹಿಗ್ಗಲಾರವು. ಗುಮ್ಮಟದಂತಿರುವ ವಪೆ ಸಂಕುಚಿಸಿ ಕೆಳಗಿಳಿದಾಗ, ಪಕ್ಕೆಲುಬುಗಳು ಮೇಲೆದ್ದಾಗ ಎದೆಗೂಡು ಹಿಗ್ಗಿ, ಒಳಗಿನ ಒತ್ತಡ ಇಳಿದು ಗಾಳಿ ನುಗ್ಗುತ್ತದೆ. ಈ ಸ್ನಾಯುಗಳು ಸಡಿಲಗೊಂಡಾಗ ಗಾಳಿ ಹೊರಬೀಳುತ್ತದೆ. ಸಹಜ ಉಸಿರೊಂದರಲ್ಲಿ ಒಳಬರುವ ಗಾಳಿ ಸುಮಾರು 500 ಮಿಲಿಲೀಟರ್. ಅದರಲ್ಲಿ 150 ಮಿಲಿಲೀಟರ್‌ನಷ್ಟು ನಾಳಗಳಲ್ಲೇ ಉಳಿದು ವಿನಿಮಯಕ್ಕೆ ಒದಗುವುದಿಲ್ಲ.

ವಾಯುಕೋಶದ ಗೋಡೆಯೂ ಅದನ್ನು ಸುತ್ತಿದ ಲೋಮನಾಳದ ಗೋಡೆಯೂ ಅತಿ ತೆಳು. ಅನಿಲಗಳು ಒತ್ತಡ ಹೆಚ್ಚಿರುವ ಕಡೆಯಿಂದ ಕಡಿಮೆಯಿರುವ ಕಡೆಗೆ ಇವುಗಳ ಮೂಲಕ ಹಾಯುತ್ತವೆ. ಒಳಬರುವ ಗಾಳಿಯಲ್ಲಿ ಶೇ. 21ರಷ್ಟಿದ್ದ ಆಮ್ಲಜನಕ ಹೊರಹೋಗುವಾಗ ಸುಮಾರು ಶೇ. 16ಕ್ಕೆ ಇಳಿದಿರುತ್ತದೆ. ರಕ್ತದಲ್ಲಿ ಅದರ ಬಹುಪಾಲನ್ನು ಹಿಮೋಗ್ಲೋಬಿನ್ ಹೊರುತ್ತದೆ. ಉಸಿರಿನ ವೇಗವನ್ನು ನಿಯಂತ್ರಿಸುವ ಕೇಂದ್ರ ಮೆದುಳಿನ ಕಾಂಡದಲ್ಲಿದೆ. ಅದು ಮುಖ್ಯವಾಗಿ ಸ್ಪಂದಿಸುವುದು ಆಮ್ಲಜನಕದ ಕೊರತೆಗಲ್ಲ, ಇಂಗಾಲದ ಡೈಆಕ್ಸೈಡಿನ ಏರಿಕೆಗೆ.

ಧೂಳು ಮತ್ತು ರಕ್ಷಣೆ

ಸುಮಾರು 10 ಮೈಕ್ರಾನ್‌ಗಿಂತ ದೊಡ್ಡ ಕಣಗಳು ಬಹುಪಾಲು ಮೂಗು, ಗಂಟಲುಗಳಲ್ಲೇ ನಿಲ್ಲುತ್ತವೆ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ). ಅದಕ್ಕಿಂತ ಚಿಕ್ಕವು ವಾಯುನಾಳಗಳ ಲೋಳೆಗೆ ಅಂಟುತ್ತವೆ. ಆ ನಾಳಗಳ ಒಳಮೈಯಲ್ಲಿರುವ ಸೂಕ್ಷ್ಮ ರೋಮಗಳು ಸದಾ ಮೇಲ್ಮುಖವಾಗಿ ಬಡಿಯುತ್ತ ಲೋಳೆಯನ್ನು ಗಂಟಲಿಗೆ ತಳ್ಳುತ್ತವೆ. ಬೀಡಿ, ಸಿಗರೇಟುಗಳ ಹೊಗೆ ಈ ರೋಮಗಳನ್ನು ದುರ್ಬಲಗೊಳಿಸುತ್ತದೆ. ತೀರ ಸೂಕ್ಷ್ಮ ಕಣಗಳು ವಾಯುಕೋಶದವರೆಗೂ ಇಳಿಯುತ್ತವೆ. ಅಲ್ಲಿ ರೋಮಗಳಿಲ್ಲ, ಕಣಗಳನ್ನು ನುಂಗುವ ಭಕ್ಷಕ ಕೋಶಗಳೇ ಕೊನೆಯ ಕಾವಲು.

ಈ ವ್ಯತ್ಯಾಸ ಬಳ್ಳಾರಿ ಜಿಲ್ಲೆಯ ಸಂಡೂರು ತಾಲ್ಲೂಕಿನಂತಹ ಗಣಿ ಪ್ರದೇಶಗಳಲ್ಲಿ ಮುಖ್ಯವಾಗುತ್ತದೆ. ಕುರೆಕುಪ್ಪ, ತೋರಣಗಲ್ಲುಗಳ ಸುತ್ತ ಕಬ್ಬಿಣದ ಅದಿರಿನ ಸಾಗಣೆಯೂ ಉಕ್ಕಿನ ಉದ್ಯಮವೂ ಇವೆ. ಎಲೆಗಳ ಮೇಲೆ ಕೆಂಪಾಗಿ ಕೂರುವ ದಪ್ಪ ಧೂಳು ಕಣ್ಣಿಗೆ ಹೆಚ್ಚು ಕಂಡರೂ ಅದರ ಬಹುಭಾಗ ಮೂಗನ್ನು ದಾಟುವುದಿಲ್ಲ. ಹೆಚ್ಚು ಅಪಾಯ ಕಣ್ಣಿಗೆ ಕಾಣದ ಧೂಳಿನಿಂದ. ಮುಖಕ್ಕೆ ಸುತ್ತಿದ ಟವಲು ಕೂಡ ಅದನ್ನು ಸರಿಯಾಗಿ ತಡೆಯಲಾರದು.

ಧೂಳಿನ ಜಾತಿಯೂ ಗಣನೀಯ. ಕಬ್ಬಿಣದ ಆಕ್ಸೈಡ್ ಶ್ವಾಸಕೋಶದಲ್ಲಿ ಸಂಗ್ರಹವಾದರೆ ಸಿಡರೋಸಿಸ್ ಉಂಟಾಗುತ್ತದೆ. ಎಕ್ಸ್-ರೇಯಲ್ಲಿ ಚುಕ್ಕೆಗಳು ಕಂಡರೂ ಇದರಿಂದ ಉಸಿರಾಟದ ಸಾಮರ್ಥ್ಯ ಸಾಮಾನ್ಯವಾಗಿ ಹೆಚ್ಚು ಕುಗ್ಗುವುದಿಲ್ಲ. ಆದರೆ ಸಂಡೂರಿನ ಬೆಟ್ಟಗಳಲ್ಲಿ ಅದಿರಿನ ಜೊತೆಗೆ ಸಿಲಿಕಾಯುಕ್ತ ಶಿಲಾಪದರಗಳೂ ಇವೆ. ಸಿಲಿಕಾ ಕಣವನ್ನು ನುಂಗಿದ ಭಕ್ಷಕ ಕೋಶ ತಾನೇ ಸಾಯುತ್ತದೆ. ಹೊರಬಿದ್ದ ಕಣವನ್ನು ಮತ್ತೊಂದು ಕೋಶ ನುಂಗುತ್ತದೆ. ಹೀಗೆ ಮುಂದುವರಿದ ಉರಿಯೂತದಿಂದ ಶ್ವಾಸಕೋಶದಲ್ಲಿ ಗಡುಸಾದ ಕಲೆಗಳು ಬೆಳೆಯುತ್ತವೆ. ಇದೇ ಸಿಲಿಕೋಸಿಸ್. ಧೂಳಿನ ಕೆಲಸ ಬಿಟ್ಟ ಮೇಲೂ ಇದು ಮುಂದುವರಿಯಬಹುದು. ಕಲೆಗಳನ್ನು ಅಳಿಸುವ ಔಷಧಿ ಇಲ್ಲ. ಭಾರತದಲ್ಲಿ ಈ ರೋಗ ಮೊದಲು ವರದಿಯಾದದ್ದು 1947ರಲ್ಲಿ, ಕರ್ನಾಟಕದ ಕೋಲಾರ ಚಿನ್ನದ ಗಣಿಗಳಿಂದ. ಇದನ್ನು ಕಂಡ ವೈದ್ಯರು ಸರ್ಕಾರಿ ತಪಾಸಣಾಧಿಕಾರಿಗೆ ತಿಳಿಸಬೇಕೆಂದು 1948ರ ಕಾರ್ಖಾನೆ ಕಾಯಿದೆ ವಿಧಿಸಿತು.

ಕೊರೆಯುವಾಗ ನೀರು ಹಾಯಿಸುವುದು, ಅದಿರಿನ ಲಾರಿಗಳಿಗೆ ಹೊದಿಕೆ ಹಾಕುವುದು, ಸೂಕ್ಷ್ಮ ಕಣಗಳನ್ನು ಸೋಸುವ ಮುಖಗವಸು ಧರಿಸುವುದು ತಡೆಯುವ ಉಪಾಯಗಳು. ಸಿಲಿಕೋಸಿಸ್ ಇರುವವರಿಗೆ ಕ್ಷಯ ತಗಲುವ ಸಾಧ್ಯತೆ ಹೆಚ್ಚು. ಎರಡು ರೋಗಗಳಲ್ಲೂ ಕೆಮ್ಮು, ಉಬ್ಬಸ, ತೂಕದ ಇಳಿಕೆ ಕಾಣಿಸುವುದರಿಂದ ಒಂದನ್ನು ಇನ್ನೊಂದೆಂದು ಭಾವಿಸುವುದೂ ಉಂಟು. ಆದ್ದರಿಂದ ಕೆಮ್ಮಿಗಾಗಿ ವೈದ್ಯರ ಬಳಿ ಹೋದವರು, ಬಿಟ್ಟು ಎಷ್ಟೇ ವರ್ಷಗಳಾಗಿದ್ದರೂ, ತಾವು ಗಣಿಯಲ್ಲೋ ಕಲ್ಲು ಪುಡಿಮಾಡುವಲ್ಲೋ ದುಡಿದದ್ದನ್ನು ತಿಳಿಸಬೇಕಾಗುತ್ತದೆ.