ಹೂಳುವ ಖರ್ಚು ಐನೂರು ಡಾಲರ್

ಹೆಣ ಹೂಳಕ್ಕೆ ಆರಡಿ ಮೂರಡಿ ಜಾಗ ಕೊಡಿ ಅಂತ ತಾಲ್ಲೂಕು ಕಚೇರಿ ಮುಂದೆ ಕೂತವರು ನಾವು. ಆದ್ದರಿಂದ ದುಡಿಯುತ್ತಾ ಸತ್ತವನ ಮನೆಗೆ ಸರ್ಕಾರ ಎಷ್ಟು ಕೊಟ್ಟಿತು, ಯಾರಿಗೆ ಕೊಟ್ಟಿತು, ಯಾರನ್ನು ಬಿಟ್ಟಿತು ಅನ್ನುವ ಲೆಕ್ಕ ನಮಗೆ ಸಣ್ಣದಲ್ಲ. ಈಗ ಹೇಳುವ ಲೆಕ್ಕ ಅಮೆರಿಕದ್ದು.

1968ರ ಫೆಬ್ರವರಿ 1. ಟೆನೆಸ್ಸಿ ರಾಜ್ಯದ ಮೆಂಫಿಸ್ ನಗರ. ಜಡಿಮಳೆ. ಕಸದ ಲಾರಿಯ ಮುಂದುಗಡೆ ಎಲ್ಲರಿಗೂ ಜಾಗವಿಲ್ಲ. ಬಿಳಿಯರ ಬೀದಿಯಲ್ಲಿ ಮರೆಗೆ ನಿಲ್ಲೋಣವೆಂದರೆ ಅದಕ್ಕೂ ಅಡ್ಡಿ, ಮನೆಯವರು ದೂರು ಕೊಡುತ್ತಾರೆ. ಎಕೋಲ್ ಕೋಲ್, ರಾಬರ್ಟ್ ವಾಕರ್ ಎಂಬ ಇಬ್ಬರು ಕರಿಯ ಕೆಲಸಗಾರರು ಲಾರಿಯ ಹಿಂದೆ ಕಸ ತುಂಬುವ ಡಬ್ಬದೊಳಗೇ ಹೊಕ್ಕು ಕೂತರು. ಕಸ ಅದುಮುವ ಯಂತ್ರ ತಾನಾಗಿ ಚಾಲೂ ಆಯಿತು. ಕಸದ ಜೊತೆ ಇಬ್ಬರನ್ನೂ ಅರೆದುಹಾಕಿತು. ಈ ಹಳೇ ಲಾರಿಗಳು ಅಪಾಯ ಅಂತ ಸಂಘದವರು ಮೊದಲೇ ಹೇಳಿದ್ದರು. ಕೇಳೋರು ಯಾರು?

ಗಂಟೆ ಲೆಕ್ಕದ ಕೂಲಿಗಳು ಅವರು. ಕಾರ್ಮಿಕ ಪರಿಹಾರದ ಆಸರೆಯೂ ಇಲ್ಲ, ವಿಮೆಯೂ ಇಲ್ಲ. ನಗರಾಡಳಿತ ದೊಡ್ಡ ಮನಸ್ಸು ಮಾಡಿ ಕೊಟ್ಟದ್ದು ಒಂದು ತಿಂಗಳ ಸಂಬಳ, ಮಣ್ಣು ಮಾಡಲು ಐನೂರು ಡಾಲರ್. ಅದೂ ಹಕ್ಕಲ್ಲ, ದಾನ. ಅದೇ ವಾರ ಮಳೆ ಅಂತ ಒಳಚರಂಡಿಯ ಕರಿಯ ಕೂಲಿಗಳನ್ನು ಮನೆಗಟ್ಟಿ, ಬಿಳಿಯ ಮೇಸ್ತ್ರಿಗಳಿಗೆ ಮಾತ್ರ ಪೂರ್ತಿ ಸಂಬಳ ಎಣಿಸಿದ್ದರು. ಫೆಬ್ರವರಿ 12ರಂದು ಸುಮಾರು 1,300 ಮಂದಿ ಕೆಲಸ ಬಿಟ್ಟರು. ‘ನಾನೊಬ್ಬ ಮನುಷ್ಯ’ ಅನ್ನುವ ಫಲಕ ಕೊರಳಿಗೆ ಹಾಕಿಕೊಂಡು ನಡೆದರು. ಮಾರ್ಟಿನ್ ಲೂಥರ್ ಕಿಂಗ್ ಮೆಂಫಿಸ್‌ಗೆ ಬಂದದ್ದು ಇವರಿಗಾಗಿ. ಏಪ್ರಿಲ್ 4ರಂದು ಅಲ್ಲೇ ಗುಂಡಿಗೆ ಬಲಿಯಾದರು. ನಮ್ಮ ಪಠ್ಯಪುಸ್ತಕ ಕಿಂಗ್ ಸತ್ತರು ಅನ್ನುತ್ತದೆ, ಕಸದವರ ಮುಷ್ಕರಕ್ಕೆ ಹೋಗಿ ಸತ್ತರು ಅನ್ನುವುದಿಲ್ಲ. ಏಪ್ರಿಲ್ 16ಕ್ಕೆ ನಗರಾಡಳಿತ ಸಂಘವನ್ನು ಒಪ್ಪಿಕೊಂಡಿತು.

ಎಂಟು ವರ್ಷ ಕಳೆಯಿತು. 1976ರ ಸೆಪ್ಟೆಂಬರ್ 29ರಂದು ಅಧ್ಯಕ್ಷ ಫೋರ್ಡ್ ಒಂದು ಕಾಯ್ದೆಗೆ ರುಜು ಹಾಕಿದರು. ಕರ್ತವ್ಯದಲ್ಲಿ ಪೊಲೀಸನೋ ಬೆಂಕಿ ಆರಿಸುವವನೋ ಸತ್ತರೆ ಆತನ ಹೆಂಡತಿ ಮಕ್ಕಳಿಗೆ 50,000 ಡಾಲರ್. ಕಡತ ತೀರ್ಮಾನವಾಗುವ ಮುಂಚೆಯೇ 3,000 ಡಾಲರ್‌ವರೆಗೆ ಮುಂಗಡ, ಯಾಕಂದ್ರೆ ಹೆಣ ಕಡತಕ್ಕೆ ಕಾಯೋದಿಲ್ಲ. 1986ರಲ್ಲಿ ಆಂಬುಲೆನ್ಸ್‌ನವರೂ ಸೇರಿದರು. ಮೊತ್ತ 1988ರಲ್ಲಿ ಒಂದು ಲಕ್ಷವಾಯಿತು, 2001ರಲ್ಲಿ ಎರಡೂವರೆ ಲಕ್ಷ. ಇದು ಸಲ್ಲಬೇಕಾದದ್ದೇ. ಉರಿಯುವ ಮನೆಗೆ ನುಗ್ಗುವವನ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ. ಆದರೆ ಊರಿನ ಆರೋಗ್ಯ ಕಾಯುವ ಕಸದವನು ಆ ಪಟ್ಟಿಯಲ್ಲಿಲ್ಲ. ಬೆಂಕಿಗೆ ಇಳಿದವನು ವೀರ, ಕೊಳೆಗೆ ಇಳಿದವನು ಕೂಲಿ. ಮುಷ್ಕರ ಹೂಡಿದವರಲ್ಲಿ ಬದುಕುಳಿದಿದ್ದ 14 ಮುದುಕರಿಗೆ ಮೆಂಫಿಸ್ ನಗರ ತಲಾ 50,000 ಡಾಲರ್ ಘೋಷಿಸಿದ್ದು 2017ರಲ್ಲಿ. ಆಮೇಲೆ ಅದನ್ನು 70,000ಕ್ಕೆ ಏರಿಸಿತು. ಪಿಂಚಣಿ ಇಲ್ಲದೆ ದುಡಿದು ಮುದುಕರಾದವರು ಅವರು.

ಅಮೆರಿಕದ ಕರಿಯರ ಪ್ಯಾಂಥರ್ ಹೆಸರನ್ನೇ 1972ರಲ್ಲಿ ಮುಂಬಯಿಯ ದಲಿತ ಯುವಕರು ತಮ್ಮ ಸಂಘಟನೆಗೆ ಇಟ್ಟುಕೊಂಡರು. ಹಾಗಾಗಿ ಮೆಂಫಿಸ್ ನಮಗೆ ದೂರದ ಊರಲ್ಲ. ನಮ್ಮಲ್ಲಿ ಮಲ ಹೊರುವುದನ್ನು ನಿಷೇಧಿಸುವ ಕಾಯ್ದೆ ಬಂದದ್ದು 1993ರಲ್ಲಿ. ಆ ವರ್ಷದಿಂದ ಮ್ಯಾನ್‌ಹೋಲಿನಲ್ಲಿ ಸತ್ತ ಪ್ರತಿಯೊಬ್ಬರ ಮನೆಗೂ 10 ಲಕ್ಷ ರೂಪಾಯಿ ಕೊಡಿ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2014ರ ಮಾರ್ಚ್ 27ರಂದು. 2023ರ ಅಕ್ಟೋಬರ್ 20ರಂದು ಮೊತ್ತವನ್ನು 30 ಲಕ್ಷಕ್ಕೆ ಏರಿಸಿತು. ಆದರೆ ಗುತ್ತಿಗೆದಾರನ ಹಾಜರಿ ಪುಸ್ತಕ ತೆಗೆದು ನೋಡಿ, ಎಷ್ಟೋ ಸಲ ಸತ್ತವನ ಹೆಸರೇ ಇರುವುದಿಲ್ಲ. ಹೆಸರಿಲ್ಲದವನಿಗೆ ಪರಿಹಾರ ಯಾರು ಕೊಡ್ತಾರೆ? ಮಣ್ಣಿಗೆ ಅಂತ ನಾಕು ಕಾಸು ಕೈಗೆ ತುರುಕಿ, ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗುತ್ತಾರೆ.

ಹಳ್ಳಿಯ ಮೇಷ್ಟ್ರುಗಳಲ್ಲಿ ಒಂದು ಮಾತು. ಅಂಥ ಮನೆಯವರು ಅರ್ಜಿ ಬರೆಸಿಕೊಳ್ಳಲು ನಿಮ್ಮ ಹತ್ತಿರವೇ ಬರುತ್ತಾರೆ. ‘ದಯಮಾಡಿ ಸಹಾಯಧನ ನೀಡಬೇಕೆಂದು’ ಅಂತ ಬರೆಯಬೇಡಿ. ಆ ಎರಡು ತೀರ್ಪುಗಳ ತಾರೀಖು ಬರೆಯಿರಿ, ಅವನು ಇಳಿದ ಗುಂಡಿ ಯಾವ ಬೀದಿಯದು ಅಂತ ಬರೆಯಿರಿ, ಇಳಿಸಿದವನ ಹೆಸರು ಬರೆಯಿರಿ.